ಗಡಿ ದಾಟಿದ ಟಗರು

ಹೆಸರು ಗಿಡ್ಡಪ್ಪ, ಆಳು ನೋಡಿದರೆ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವಾಗ ಅಳತೆ ನೋಡಿ ಇಡುವ ಪದ್ಧತಿ ಉಬ್ರಾಣಿಯಲ್ಲಿ ಇಲ್ಲ. ನಾಲೆಯ ನೀರುಗಂಟಿಯಾಗಿ ಮೂವತ್ತು ವರ್ಷ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ನೀರು ಎಂಬ ಜಗಳ ಬಿಡಿಸಿ, ಎರಡೂ ಕಡೆಯವರಿಂದ ಬೈಸಿಕೊಂಡು ನಿವೃತ್ತನಾದವನು. ಎಡಗಾಲು ಸ್ವಲ್ಪ ಎಳೆಯುತ್ತದೆ. ಈಗಿನವರಿಗೆ ಗೊತ್ತಿರುವ ಗಿಡ್ಡಪ್ಪ ಇಷ್ಟೇ. ಇವನು ಒಂದು ಕಾಲಕ್ಕೆ ಶಿವಮೊಗ್ಗದ ದಸರಾ ಸೈಕಲ್ ರೇಸಿನಲ್ಲಿ ಮೊದಲು ಬರುತ್ತಿದ್ದ ಎಂದರೆ ಹುಡುಗರು ಆ ಕಾಲು ನೋಡಿ ನಗುತ್ತಾರೆ.

ಆ ರೇಸುಗಳನ್ನು ಗೆದ್ದದ್ದು ಟಗರಿನ ಮೇಲೆ. ಟಗರು ಎಂದರೆ ಸೈಕಲ್ಲು. ಭದ್ರಾವತಿಯಲ್ಲಿ ಯಂತ್ರ ಕೂರಿಸಲು ಬಂದಿದ್ದ ಹೊರದೇಶದ ಇಂಜಿನಿಯರೊಬ್ಬ ಊರಿಗೆ ಮರಳುವಾಗ ಮಾರಿ ಹೋದದ್ದು. ಕಡುನೀಲಿ ಬಣ್ಣ, ಬೆರಳು ದಪ್ಪದ ಟೈರು, ಟಗರಿನ ಕೊಂಬಿನ ಹಾಗೆ ಮುಂದಕ್ಕೆ ಹೋಗಿ ಕೆಳಕ್ಕೆ ಸುತ್ತಿದ ಹ್ಯಾಂಡಲು. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ. "ಇದೇನೋ ಬರಿಮೈ ಸೈಕಲ್ಲು!" ಎಂದು ತಾಯಿ ಶಂಕರಮ್ಮ ಮೊದಲ ದಿನವೇ ಮುಖ ಸಿಂಡರಿಸಿದ್ದಳು. ಅಂಥದ್ದು ಆಗ ಮೂರು ತಾಲ್ಲೂಕು ಸುತ್ತಿದರೂ ಇನ್ನೊಂದು ಇರಲಿಲ್ಲ. ಅದರ ಮೇಲೆ ಕೂತರೆ ಗಿಡ್ಡಪ್ಪನಿಗೆ ತಾನು ಯಾರದೋ ಮಗ, ಯಾವುದೋ ಊರಿನವನು ಎಂಬುದೆಲ್ಲ ಮರೆತುಹೋಗುತ್ತಿತ್ತು. ಅಷ್ಟು ಸುಖ ಅವನಿಗೆ ಮತ್ತೆ ಯಾವುದರಲ್ಲೂ ಸಿಗಲಿಲ್ಲ. ಮದುವೆಯಲ್ಲೂ ಸಿಗಲಿಲ್ಲ, ಆದರೆ ಆ ಮಾತು ಅವನು ಮನೆಯಲ್ಲಿ ಹೇಳುವುದಿಲ್ಲ.

ಇಪ್ಪತ್ತೆರಡರ ವಯಸ್ಸಿನಲ್ಲಿ ಸೂಳೆಕೆರೆ ಕಡೆಯ ಇಳಿಜಾರಿನಲ್ಲಿ ಎತ್ತಿನಗಾಡಿ ಅಡ್ಡ ಬಂದು, ಟಗರು ಸಮೇತ ಹೋಗಿ ಮೋರಿಗೆ ಗುದ್ದಿದ. ಕಾಲು ಮುರಿಯಿತು. ಸೈಕಲ್ಲಿನ ಮುಂದಿನ ಫೋರ್ಕು ಹ್ಯಾಂಡಲಿನ ಕೊಳವೆಗೆ ಸೇರುವ ಜಾಗದಲ್ಲಿ ಒಳಗೊಳಗೇ ಸೀಳಿತು. ಚನ್ನಗಿರಿಯ ಸೈಕಲ್ ಶಾಪಿನ ಓಂಕಾರ್ ಅದಕ್ಕೆ ಗ್ಯಾಸ್ ವೆಲ್ಡಿಂಗ್ ಹಾಕಿ ಮನೆಗೆ ತಂದುಕೊಟ್ಟು, ಮಂಚದ ಪಕ್ಕ ಕೂತು ಹೇಳಿದ್ದ: "ನೋಡಾಕೆ ಚೆನ್ನಾಗೈತೆ ಗಿಡ್ಡಣ್ಣ, ಸಪಾಟು ದಾರೀಲಿ ಏನೂ ಗೊತ್ತಾಗಂಗಿಲ್ಲ. ಆದ್ರೆ ಇಳಿಜಾರಲ್ಲಿ ಮುಂದಿನ ಬ್ರೇಕು ಹಿಡಿಯಾಕೆ ಹೋಗಬ್ಯಾಡ. ಬೇರೆ ಫೋರ್ಕು ಸಿಗೋ ತನಕ ಗೋಡೆಗೆ ಒರಗಿಸಿಡು."

ಒರಗಿಸಿಡಲು ಶಂಕರಮ್ಮ ಬಿಡಬೇಕಲ್ಲ! ಈ ಸೀಮೆಯಲ್ಲಿ ಊರಿಗೆ ಬೇನೆ ಬಂದರೆ ಮಾರಿಯನ್ನು ಗಡಿ ದಾಟಿಸುತ್ತಾರೆ. ಬೇವು, ಅರಿಶಿನ, ನಿಂಬೆಹಣ್ಣಿನ ಸಮೇತ ಎಲ್ಲೆಯಾಚೆ ಇಟ್ಟು, ಹಿಂತಿರುಗಿ ನೋಡದೆ ಬರುವುದು. ಮುಂದಿನ ಊರಿನವರು ಅದನ್ನು ತಮ್ಮ ಗಡಿ ದಾಟಿಸಬೇಕು. ಶಂಕರಮ್ಮನಂಥವರ ಲೆಕ್ಕದಲ್ಲಿ ಕೇಡು ತಂದ ವಸ್ತುವಿಗೂ ಅದೇ ಮರ್ಯಾದೆ. ಅದನ್ನು ಮುರಿಯುವಂತಿಲ್ಲ, ಮುರಿದರೆ ಒಳಗಿರುವುದು ಮುರಿದವನ ಮನೆ ಹೊಗುತ್ತದೆ. ಗುಜರಿಗೆ ಹಾಕುವಂತಿಲ್ಲ, ಕೇಡಿನ ಕಾಸು ಸೆರಗಿಗೆ ಕಟ್ಟಿಕೊಂಡಂತೆ. ದಾಟಿಸಿದ ಮೇಲೆ ಅದರ ಬೆನ್ನು ಹತ್ತಿ ಹೋಗುವಂತಿಲ್ಲ, ಅದರ ಮಾತೂ ಆಡುವಂತಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಣತನ. ಸಾಯದ ಹಾವು ಪಕ್ಕದ ಮನೆಗೆ ಹರಿಯುತ್ತದಲ್ಲ, ಅದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ.

ಗಿಡ್ಡಪ್ಪ ಕಾಲಿಗೆ ಕಟ್ಟು ಕಟ್ಟಿಸಿಕೊಂಡು ಮಲಗಿದ್ದಾಗ ಶಂಕರಮ್ಮ ಟಗರಿಗೆ ಅರಿಶಿನ ಬಳಿದು, ಗಡಿಕಲ್ಲಿನಾಚೆ ಹೊನ್ನಾಳಿ ಕಡೆ ಮುಖ ಮಾಡಿ ಒರಗಿಸಿ ಬಂದಳು. ಮಗ ಮಕ್ಕಳ ಹಾಗೆ ಅತ್ತ. ಅವಳು ಅವನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, "ನಾನಿರೋ ತನಕ ಅದನ್ನ ಹುಡುಕಬ್ಯಾಡ" ಎಂದು ಆಣೆ ಹಾಕಿಸಿಕೊಂಡಳು. ಆಣೆ ಮುರಿಯದೆ ಗಿಡ್ಡಪ್ಪ ಅರವತ್ತು ದಾಟಿದ. ಶಂಕರಮ್ಮ ಗಟ್ಟಿ ಜೀವ, ತೊಂಬತ್ತು ದಾಟಿ ಹೋದ ವರ್ಷ ತೀರಿಕೊಂಡಳು. ವರ್ಷಾಂತಿಕ ಮುಗಿಸಿದ ಮಾರನೆಯ ದಿನವೇ ಗಿಡ್ಡಪ್ಪ ತನ್ನ ಟಿವಿಎಸ್ ಹತ್ತಿ ಹೊರಟ. ಸಾಯುವುದರೊಳಗೆ ಒಂದು ಸಲ ಅದರ ಮೇಲೆ ಕೂರಬೇಕು, ಅಷ್ಟೇ ಅವನ ಆಸೆ.

ಮೊದಲು ಹೋದದ್ದು ಚನ್ನಗಿರಿಗೆ. ಓಂಕಾರ್‌ನ ತಲೆ ಹಣ್ಣಾಗಿತ್ತು, ನೆನಪು ಹಣ್ಣಾಗಿರಲಿಲ್ಲ. "ಸಾಸ್ವೆಹಳ್ಳಿಯೋರು ಒಬ್ರು ಒಂದ್ಸಲ ಅಂಥ ಟೈರು ಕೇಳ್ಕೊಂಡು ಬಂದಿದ್ರು. ಎಲ್ಲೂ ಸಿಗಂಗಿಲ್ಲ ಅಂತ ಹೇಳಿ ಕಳಿಸ್ದೆ. ಅದ್ಯಾಕೆ ಈಗ, ಗಿಡ್ಡಣ್ಣ? ಹೋದದ್ದು ಹೋತು ಬಿಡು" ಎಂದ. ಹಾಗೆ ಹೇಳುವಾಗ ಮುಖ ನೋಡಲಿಲ್ಲ.

ಸಾಸ್ವೆಹಳ್ಳಿಯಲ್ಲಿ ಆ ಮನೆ ಸಿಕ್ಕಿತು. ಯಜಮಾನ ಮಾರುತೇಶ್ ಐವತ್ತರ ಗಂಡಸು, ಬಂದವನಿಗೆ ನೀರು ಕೊಟ್ಟು, ಚಹಾ ಕೊಟ್ಟು, ಮೆಕ್ಕೆಜೋಳದ ರೇಟು ಕೇಳಿ, ತುಂಬ ಚೆನ್ನಾಗಿ ಮಾತಾಡಿದ. ಕಡುನೀಲಿ ಸೈಕಲ್ಲು ಎಂದ ಕೂಡಲೇ ಒಳಗಿದ್ದ ಹೆಂಗಸರ ಮಾತು ನಿಂತಿತು. ಮಾರುತೇಶ್ ಎದ್ದು ಬಾಗಿಲು ಮುಂದಕ್ಕೆ ಎಳೆದು, ಜಗಲಿಯ ಮೇಲೆ ಹತ್ತಿರ ಬಂದು ಕೂತ.

"ನಮ್ಮಪ್ಪ ತಂದಿದ್ದು. ಗಡಿಕಲ್ಲಿನತ್ರ ನಿಂತಿತ್ತಂತೆ. ರಾತ್ರಿ ಮಳೆ ಬಂದು ಅರಿಶಿನ ತೊಳಕೊಂಡು ಹೋಗಿತ್ತು ಕಾಣ್ತೈತೆ, ಇಲ್ಲಾಂದ್ರೆ ಮುಟ್ತಿದ್ನಾ? ಒಂದು ಬ್ಯಾಸಿಗೆ ಓಡಾಡ್ದ. ಹೊಳೆಗೆ ಇಳಿಯೋ ದಾರೀಲಿ ಬಿದ್ದ. ಕಲ್ಲಿಗೆ ತಲೆ ಬಡಿದಿತ್ತು, ಅಲ್ಲೇ ಹೋದ."

"ಇಳಿಜಾರಾ?" ಎಂದ ಗಿಡ್ಡಪ್ಪ.

"ಹೊಳೆ ದಾರಿ ಅಂದ್ಮೇಲೆ ಇಳಿಜಾರೇ ಅಲ್ಲೇನ್ರೀ? ಮುರಿಯಾಕೆ ಯಾರಿಗೂ ಧೈರ್ಯ ಬರ್ಲಿಲ್ಲ. ಎಷ್ಟೋ ವರ್ಷ ಅಟ್ಟದ ಮ್ಯಾಲೆ ಬಿದ್ದಿತ್ತು. ಆಮ್ಯಾಕೆ ನಮ್ಮವ್ವ ಹಠ ಮಾಡಿ ತೆಪ್ಪದಾಗೆ ಹಾಕಿಸಿ ಹೊಳೆ ದಾಟಿಸಿದ್ಲು. ನೀರು ದಾಟಿದ್ರೆ ಮುಗೀತು ಅಂತಾರಲ್ಲ."

ಮುಗಿದಿರಲಿಲ್ಲ. ತುಂಗಭದ್ರೆಗೆ ಇದೆಲ್ಲ ಗೊತ್ತಿಲ್ಲ, ಅದು ತನ್ನ ಪಾಡಿಗೆ ಹರಿಯುತ್ತದೆ. ಗಿಡ್ಡಪ್ಪ ಹೊನ್ನಾಳಿ ಸೇತುವೆ ದಾಟಿ ನ್ಯಾಮತಿ ಕಡೆ ತಿರುಗುವಾಗ ಅವನ ಮನಸ್ಸಿನಲ್ಲಿ ಸೈಕಲ್ಲಿನ ಮೇಲೆ ಕೂರುವ ಆಸೆ ಅರ್ಧಕ್ಕರ್ಧ ಸತ್ತಿತ್ತು. ಒಂದು ಸಾವಿಗೆ ನೂರು ಕಾರಣ ಇರುತ್ತದೆ, ಆತ ಮುಗ್ಗರಿಸಿರಬಹುದು, ಕುಡಿದಿರಲೂಬಹುದು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ಓಂಕಾರ್‌ನ ಮಾತೇ ನೆನಪಾಯಿತು.

ಗೋವಿನಕೋವಿಯಲ್ಲಿ ಹೊಳೆ ದಂಡೆಯ ಹೊಲದವರನ್ನು ಒಬ್ಬೊಬ್ಬರನ್ನೇ ಕೇಳುತ್ತಾ ಪರಶುರಾಮ್ ಎಂಬ ರೈತನ ಮನೆ ಮುಟ್ಟಿದ. ಪರಶುರಾಮ್, "ಯಾವ ಸೈಕಲ್ಲು? ನಮ್ಮಲ್ಲಿ ಯಾವ ಸೈಕಲ್ಲೂ ಇರ್ಲಿಲ್ಲ" ಎಂದು ಅಂಗಳದಲ್ಲೇ ನಿಲ್ಲಿಸಿ ಮಾತಾಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಮುಖ ಹೇಗಿರುತ್ತದೆಂದು ನೀರುಗಂಟಿಗೆ ಚೆನ್ನಾಗಿ ಗೊತ್ತು. ಅಷ್ಟರಲ್ಲಿ ಪಡಸಾಲೆಯಿಂದ ಒಂದು ದನಿ ಬಂತು.

"ಸುಳ್ಳು ಯಾಕೆ ಹೇಳ್ತೀಯ ಅಣ್ಣ? ಒಳಗೆ ಕರಿ ಅವರನ್ನ."

ಮಂಚದ ಮೇಲೆ ತಮ್ಮ ಕೆಂಚೇಶ್ ಮಲಗಿದ್ದ. ಮೂವತ್ತೈದರ ಆಸುಪಾಸು, ತೋಳು ಎದೆ ಗಟ್ಟಿಯಾಗಿದ್ದವು. ಸೊಂಟದ ಕೆಳಗೆ ಹೊದಿಕೆ ಮಾತ್ರ ಇದ್ದಂತಿತ್ತು, ಅದರಡಿ ಏನೂ ಅಲ್ಲಾಡುತ್ತಿರಲಿಲ್ಲ. ಹೊಳೆ ದಂಡೆಯಲ್ಲಿ ಸಿಕ್ಕಿದ ಸೈಕಲ್ಲಿಗೆ ಬಣ್ಣ ಹೊಡೆಸಿ, ದೂರದಿಂದ ಟೈರು ತರಿಸಿ, ತಾನು ಓಡಿಸಿದ್ದನ್ನು ಅವನು ಹುರುಪಿನಿಂದಲೇ ಹೇಳಿದ. "ಎಂಥ ಗಾಡಿ ಅಣ್ಣ ಅದು! ಕೂತ್ರೆ ಹಾರಿದಂಗೆ" ಎಂದ.

"ಹೆಂಗೆ ಬಿದ್ದೆ ತಮ್ಮ?"

"ಸೇತುವೆ ಇಳೀತಿದ್ದೆ. ಎದುರಿಗೆ ಎಮ್ಮೆ ಬಂತು. ಮುಂದಿನ ಬ್ರೇಕು ಹಿಡಿದೆ, ಅಷ್ಟೇ. ಟಗರು ಗುಮ್ಮಾಕೆ ತಲೆ ಬಗ್ಗಿಸ್ತೈತಲ್ಲ, ಹಂಗೆ ಬಗ್ಗಿಸ್ತು. ಆಮ್ಯಾಕೆ ಎತ್ತಿ ನೋಡಿದ್ರೆ ಗಾಡೀಗೆ ಏನೂ ಆಗಿರ್ಲಿಲ್ಲ ಅಂತಾರೆ. ಅದಕ್ಕೇ ಎಲ್ಲರೂ ಹೆದರಿದ್ದು."

ಟಗರು ಎಂಬ ಹೆಸರನ್ನು ಗಿಡ್ಡಪ್ಪ ಆ ಮನೆಯಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. ಅವನಿಗೆ ಈಗ ಎಲ್ಲ ಸ್ಪಷ್ಟವಾಯಿತು. ದೆವ್ವವೂ ಇಲ್ಲ, ಮಾರಿಯೂ ಇಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಒಳಗಿನ ಸೀಳು ಬಾಯಿ ಬಿಡುತ್ತದೆ, ಸೈಕಲ್ಲು ಮಗುಚಿದ ಮೇಲೆ ಮುಚ್ಚಿಕೊಳ್ಳುತ್ತದೆ. ಒಬ್ಬನೇ ಒಬ್ಬ ಧೈರ್ಯ ಮಾಡಿ ಗುಜರಿಗೆ ಹಾಕಿದ್ದರೆ ಇವನು ಇಂದು ಎದ್ದು ಓಡಾಡುತ್ತಿದ್ದ.

"ಈಗ ಎಲ್ಲೈತೆ ಅದು?" ಎಂದು ಕೂಗಿಯೇ ಕೇಳಿದ.

ಪರಶುರಾಮ್ ನೆಲ ನೋಡಿದ. ಜೋಳ ಮುರಿಯಲು ಜಗಳೂರು ಕಡೆಯಿಂದ ಪ್ರತಿ ವರ್ಷ ಆಳುಗಳು ಬರುತ್ತಾರೆ. ಕಳೆದ ಸುಗ್ಗಿ ಮುಗಿದಾಗ ಓಬಣ್ಣ ಎಂಬ ಆಳಿಗೆ, ಮಗಳು ಕಾಲೇಜಿಗೆ ಹೋಗಲು ಆಗುತ್ತದೆಂದು, "ಖುಷಿಯಿಂದ" ಕೊಟ್ಟು ಕಳಿಸಿದ್ದರು. ಕೈಮುಗಿದು ತೆಗೆದುಕೊಂಡು ಹೋಗಿದ್ದನಂತೆ. ಗಡಿ ದಾಟಿಸಲು ಕಲ್ಲೇ ಬೇಕೆಂದಿಲ್ಲ, ಎದುರು ಮಾತಾಡದ ಬಡವ ಸಿಕ್ಕರೂ ಸಾಕು.

"ಫೋನ್ ಮಾಡ್ರಿ! ಈಗ್ಲೇ ಮಾಡ್ರಿ! ಆ ಹುಡುಗಿ ಅದನ್ನ ಹತ್ತಬಾರ್ದು. ಫೋರ್ಕು ಸೀಳೈತೆ ಅಂತ ಹೇಳ್ರಿ. ನಾಳೆ ನಾನೇ ಬಂದು ಅದನ್ನ ಮುರಿದು ಹಾಕ್ತೀನಿ ಅಂತ ಹೇಳ್ರಿ."

ಪರಶುರಾಮ್ ಫೋನ್ ಹಚ್ಚಿದ. "ಓಬಣ್ಣ, ಪರಶುರಾಮ್ ಕಣೋ. ಆ ಸೈಕಲ್ಲು ಹತ್ತಬ್ಯಾಡ್ರಪ್ಪ, ಯಾರೂ ಹತ್ತಬ್ಯಾಡ್ರಿ" ಎಂದದ್ದು ಗಿಡ್ಡಪ್ಪನ ಕಿವಿಗೆ ಬಿತ್ತು. ಉಳಿದದ್ದನ್ನು ಪರಶುರಾಮ್ ಕೊಟ್ಟಿಗೆಯ ಕಡೆ ನಡೆಯುತ್ತಾ ಮಾತಾಡಿದ. ಗಿಡ್ಡಪ್ಪನಿಗೆ ಹೋದ ಜೀವ ಬಂದಂತಾಯಿತು. ಕೆಂಚೇಶ್‌ನ ಕೈ ಹಿಡಿದು ಕೂತ. ಟಗರನ್ನು ತನ್ನ ಕೈಯಾರೆ ಮುರಿಯಬೇಕಲ್ಲ ಎಂದು ಒಂದು ಕ್ಷಣ ಸಂಕಟವೂ ಆಯಿತು. ಆ ಸಂಕಟಕ್ಕೆ ಅವನಿಗೇ ನಾಚಿಕೆಯಾಯಿತು.

ಮರುದಿನ ದಾವಣಗೆರೆ ಮೇಲೆ ಬಸ್ಸು ಬದಲಿಸಿ ಜಗಳೂರಿನಲ್ಲಿ ಇಳಿದು, ಆಟೋ ಮಾಡಿಕೊಂಡು ಓಬಣ್ಣನ ಊರು ಸೇರುವ ಹೊತ್ತಿಗೆ ಬಿಸಿಲು ಏರಿತ್ತು. ಚೀಲದಲ್ಲಿ ಕಬ್ಬಿಣ ಕೊಯ್ಯುವ ಗರಗಸ ಇತ್ತು. ಎರಡು ಕೋಣೆಯ ಮನೆ, ಒಳಗೋಡೆಯ ಮೇಲೆ ಬುದ್ಧನ ಪಟ, ಹೊರಗೆ ತೊಳೆದ ಅಂಗಳ. ಓಬಣ್ಣನ ಮಗಳು ಅಂಬಿಕಾ ಬಾಗಿಲಲ್ಲೇ ನಿಂತಿದ್ದಳು, ಕೈಕಾಲು ನೆಟ್ಟಗಿದ್ದವು. ಅವಳನ್ನು ನೋಡಿ ಗಿಡ್ಡಪ್ಪನ ಕಣ್ಣು ತುಂಬಿತು. ಓಬಣ್ಣ ಓಡಿ ಬಂದು ಎರಡೂ ಕೈ ಹಿಡಿದುಕೊಂಡ.

"ಯಜಮಾನ್ರೆ, ನಮ್ಮ ಮಗಳ ಜೀವ ಉಳಿಸಿದ್ರಿ. ನೀವು ಹೇಳಿಸದೇ ಇದ್ರೆ ನಮಗೆ ಹೆಂಗೆ ಗೊತ್ತಾಗ್ತಿತ್ತು?" ಹೆಂಡತಿ ಹನುಮಂತಮ್ಮ ಚಹಾ ತಂದಳು, ಕೂರಲು ಹೊಸ ಚಾಪೆ ಹಾಸಿದಳು. ಗಿಡ್ಡಪ್ಪನಿಗೆ ಹೆಮ್ಮೆ ಅನ್ನಿಸಿತು, ಸುಳ್ಳೇಕೆ?

"ನಾನಂತೂ ಬ್ಯಾಡ ಅಂದೆ" ಎಂದಳು ಅಂಬಿಕಾ ಮುನಿಸಿನಿಂದ. "ಈಗೀಗ ಬ್ರೇಕು ಹಿಡಿದ್ರೆ ಮುಂದೆ ಕಟ್ ಕಟ್ ಅಂತಿತ್ತು, ಅಷ್ಟೇ. ರಿಪೇರಿ ಮಾಡಿಸಿದ್ರೆ ಸರಿಹೋಗ್ತಿತ್ತು. ಇವ್ರು ಕೇಳ್ಬೇಕಲ್ಲ!"

"ಕಟ್ ಕಟ್ ಅಂತಿತ್ತಾ? ಸೀಳು ಪೂರ್ತಿ ಬಂದೈತೆ ಹಂಗಾದ್ರೆ." ಗಿಡ್ಡಪ್ಪ ಚಹಾ ಕೆಳಗಿಟ್ಟ. "ತೋರಿಸ್ರಿ, ಎಲ್ಲೈತೆ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಮನೇಲಿ ಇಟ್ಕೊಳ್ಳಾಕೆ ಆಗ್ತದೇನ್ರೀ?" ಎಂದಳು ಹನುಮಂತಮ್ಮ. "ಗಡಿ ದಾಟಿಸಿದ್ದು, ಬೆನ್ನ ಹಿಂದೆ ಕೇಡು ಐತೆ, ಮುಂದಕ್ಕೆ ಸಾಗಹಾಕ್ರಿ ಅಂತ ಫೋನಿನಾಗೆ ಪರಶುರಾಮ ಗೌಡ್ರು ಹೇಳಿದ್ರಂತೆ. ಇವತ್ತು ಬೆಳಗ್ಗೇನೇ ಅರಿಶಿನ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕೂಡ್ಲಿಗಿ ಕಡೆ ಗಡಿಕಲ್ಲಿನಾಚೆ ಇಟ್ಟು ಬಂದ್ವಿ."

ಫೋರ್ಕಿನ ಮಾತು ಪರಶುರಾಮ್ ಹೇಳಿರಲೇ ಇಲ್ಲ. ಹೇಳಿದ್ದರೆ, ಮುರುಕು ಸೈಕಲ್ಲನ್ನು ಗೊತ್ತಿದ್ದೂ ಯಾಕೆ ಕೊಟ್ಟಿರಿ ಎಂದು ಅವರು ಕೇಳುತ್ತಿದ್ದರು. ಕೇಡಿಗಾದರೆ ಯಾರೂ ಹೊಣೆಯಲ್ಲ.

ಗಿಡ್ಡಪ್ಪ ಚೀಲ ಎತ್ತಿಕೊಂಡು ಎದ್ದ. ಅವನ ಮುಖ ನೋಡಿ ಓಬಣ್ಣನೂ ಬೈಕು ತೆಗೆದ. ಹೊಲಗಳ ನಡುವಿನ ದಾರಿಯಲ್ಲಿ ಗಿಡ್ಡಪ್ಪ ಅವನ ಕಿವಿಗೆ ಬಾಯಿ ಹಚ್ಚಿ, ಬೇಗ, ಬೇಗ ಎಂದಷ್ಟೇ ಹೇಳುತ್ತಿದ್ದ. ನಾನು ಹುಡುಕದೇ ಇದ್ದಿದ್ದರೆ ಅದು ಇನ್ನೂ ಆ ಅಂಗಳದಲ್ಲೇ ಇರುತ್ತಿತ್ತು ಎಂಬ ಯೋಚನೆ ಬಂತು. ಅಂಗಳದಲ್ಲಿದ್ದಿದ್ದರೆ ಅಂಬಿಕಾ ಹತ್ತುತ್ತಿದ್ದಳು ಎಂಬುದೂ ಹಿಂದೆಯೇ ಬಂತು. ಯಾವ ಕಡೆಯಿಂದ ನೋಡಿದರೂ ಅವನಿಗೆ ಉಸಿರಾಡಲು ಜಾಗ ಸಿಗಲಿಲ್ಲ.

ಗಡಿಕಲ್ಲಿನ ಹತ್ತಿರ ಓಬಣ್ಣ ಬೈಕು ನಿಲ್ಲಿಸಿದ. "ನಾವು ದಾಟಿಸಿದ್ದರ ಹಿಂದೆ ನಾವೇ ಹೋಗಾಕಾಗಲ್ಲ ಯಜಮಾನ್ರೆ. ಮನೇಲಿ ಮಗಳು ಅದಾಳೆ" ಎಂದ. ಕೈಮುಗಿದ, ಕಾಲು ಹಿಡಿಯಲು ಬಂದ, ಆದರೆ ಕಲ್ಲು ದಾಟಲಿಲ್ಲ.

ಗಿಡ್ಡಪ್ಪ ಒಬ್ಬನೇ ದಾಟಿದ. ಕಲ್ಲಿನಾಚೆ ಬೇವಿನ ಸೊಪ್ಪು ಬಿದ್ದಿತ್ತು, ಸೈಕಲ್ಲು ಇರಲಿಲ್ಲ. ಸ್ವಲ್ಪ ದೂರದಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಹೆಂಗಸನ್ನು ಕೂಗಿ ಕೇಳಿದ.

"ಆಗಲೇ ಒಯ್ದನಲ್ಲ, ಹಾಲಿನೋನು" ಎಂದಳು ಆಕೆ. "ಪಾಪ, ಕ್ಯಾನು ಹೊತ್ಕೊಂಡು ನಡೀತಿದ್ದ. ನಿಂಬೆಹಣ್ಣು ಕಿತ್ತು ಬಿಸಾಕಿ, ಆ ಬಗ್ಗಿದ ಹ್ಯಾಂಡಲಿಗೆ ಆ ಕಡೆ ಒಂದು, ಈ ಕಡೆ ಒಂದು ಕ್ಯಾನು ತಗಲಾಕ್ಕೊಂಡು ಹತ್ತಿದ. ಭಾಳ ಖುಷಿಯಾಗಿದ್ದ."

"ಎಷ್ಟೊತ್ತಾತವ್ವ?"

"ಈಗಷ್ಟೇ. ನೀವು ಬಂದ ಗಾಡಿ ಸದ್ದು ಕೇಳಿಸೋ ಮುಂಚೆ."

ಗಿಡ್ಡಪ್ಪ ಎದುರಿನ ದಾರಿ ನೋಡಿದ. ಅದು ಜಾಲಿಗಿಡಗಳ ನಡುವೆ ತಿರುಗಿ ಕಣ್ಮರೆಯಾಗಿತ್ತು. ಆಕೆಯನ್ನೇ ಕೇಳಿದ: "ಮುಂದೆ ಇಳಿಜಾರು ಎಲ್ಲಾದ್ರೂ ಸಿಗ್ತೈತೇನವ್ವ?"

ಆಕೆಗೆ ಆ ಪ್ರಶ್ನೆಗೆ ನಗು ಬಂತು. "ಇಲ್ಲಿಂದ ಹಳ್ಳದ ತನಕ ಬರೀ ಇಳಿಜಾರೇ ಅಲ್ಲೇನ್ರೀ" ಎಂದಳು.