ಐಸ್‌ಬಾಕ್ಸಿನ ಮುಚ್ಚಳದ ಗೆರೆ

ಹೌಗಾಂಗ್ ಬಡಾವಣೆಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅಂಕಲ್ ತಮ್ಮ ಐಸ್‌ಬಾಕ್ಸಿನ ಮುಚ್ಚಳದ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದಿದ್ದರು. ಭಾನುವಾರ ನಾವೆಲ್ಲ ಮೀನು ಹಿಡಿಯಲು ಹೋಗುತ್ತಿದ್ದ ದೋಣಿಯಲ್ಲಿ ಯಾರ ಗಾಳಕ್ಕೆ ಮೀನು ಬಿದ್ದರೂ ಅವರದು ಒಂದೇ ಮಾತು: "ಇರಿ, ಮಲಗಿಸಿ ನೋಡೋಣ." ಒದ್ದೆ ಕೈಯಲ್ಲಿ ಹಿಡಿದು, ಮುಚ್ಚಳದ ಅಂಚಿಗೆ ಮೂತಿ ತಾಗುವಂತೆ ಮಲಗಿಸುತ್ತಿದ್ದರು. ಬಾಲ ಗೆರೆ ಮುಟ್ಟದಿದ್ದರೆ ಅದಿನ್ನೂ ಬೆಳೆಯಬೇಕಾದ ಮೀನು, ವಾಪಸ್ ಸಮುದ್ರಕ್ಕೆ. ದಡ ಸೇರುವ ತನಕ ಯಾರೂ ಕತ್ತರಿಸುವಂತಿಲ್ಲ. ಹೋಳಾದ ಮೇಲೆ ಉದ್ದ ತಿಳಿಯುವುದು ಹೇಗೆ? ಪರ್ತ್‌ನಲ್ಲಿದ್ದಾಗ ಅವರು ಕಲಿತ ಅಲ್ಲಿನ ಕಾನೂನಂತೆ ಇದು. "ಇಲ್ಲಿ ಯಾರು ಚೆಕ್ ಮಾಡ್ತಾರೆ ಅಂಕಲ್?" ಎಂದರೆ ನಕ್ಕು, ಗಾಳಕ್ಕೆ ಸಿಗಡಿ ಸಿಕ್ಕಿಸುತ್ತಿದ್ದರು.

ನನಗೆ ಮೊದಲ ಸ್ನ್ಯಾಪರ್ ಮೀನು ಸಿಕ್ಕಾಗ ಅವರು ದೋಣಿಯ ಆ ತುದಿಯಲ್ಲಿದ್ದರು. ಗೆರೆಗೆ ಎರಡು ಬೆರಳು ಕಮ್ಮಿಯೆಂದು ನೋಡಿದೊಡನೆ ಗೊತ್ತಾಯಿತು. ಬಿಡಲು ಮನಸ್ಸಾಗದೆ, ಗಡಿಬಿಡಿಯಲ್ಲಿ ಮುಳ್ಳು ಬಿಡಿಸಿ ಹೋಳು ಮಾಡಿಬಿಟ್ಟೆ. ಅಂಕಲ್ ಬಂದರು. ತಲೆ, ಹೋಳು, ಬಾಲ ಎಲ್ಲವನ್ನೂ ಮುಚ್ಚಳದ ಮೇಲೆ ಒಂದಕ್ಕೊಂದು ತಾಗಿಸಿ ಮಲಗಿಸಿದರು. ಬಾಲ ಗೆರೆ ಮುಟ್ಟಲಿಲ್ಲ.

"ಇದನ್ನ ಈಗ ವಾಪಸ್ ಬಿಡಕ್ಕಾಗಲ್ವಲ್ಲ," ಎಂದರು. ಆಮೇಲೆ ತಮ್ಮ ಬಕೆಟ್ಟಿನಲ್ಲಿ ಇನ್ನೂ ಬಾಲ ಬಡಿಯುತ್ತಿದ್ದ, ಗೆರೆ ದಾಟಿದ ಮೀನನ್ನು ಎತ್ತಿ ನೀರಿಗೆ ಬಿಟ್ಟರು. ಆ ದಿನ ಅವರಿಗೆ ಸಿಕ್ಕಿದ್ದು ಅದೊಂದೇ.

ಅಂಕಲ್ ಮತ್ತೆ ಪರ್ತ್‌ಗೆ ಶಿಫ್ಟ್ ಆಗಿ ವರ್ಷಗಳಾದವು. ಮಾರ್ಕೆಟ್ಟಿನಲ್ಲಿ ಮೀನಿನವನು ಕತ್ತರಿಸಿ ಕೊಡಲೇ ಎಂದರೆ ನಾನು ಈಗಲೂ ಬೇಡವೆನ್ನುತ್ತೇನೆ. ಇಡೀ ಮೀನನ್ನೇ ಮನೆಗೆ ತಂದು, ಚಾಕು ಕೈಗೆತ್ತಿಕೊಳ್ಳುವ ಮುಂಚೆ, ಅಡುಗೆಕಟ್ಟೆಯ ಮೇಲೆ ಒಮ್ಮೆ ಮಲಗಿಸಿ ನೋಡುತ್ತೇನೆ.