ಬಳ್ಳಿಯ ಬುಡಕ್ಕೆ ಹೋದ ನೀರು

ಅರಿವಳಿಕೆ ಕೊಟ್ಟ ಮೇಲೆ ಎಚ್ಚರವೇ ಆಗದಿರಬಹುದು. ಕಿಡ್ನಿಯ ಹರಳು ತೆಗೆದು ಒಳಗಿಡುವ ಸ್ಟೆಂಟ್ ಕೊಳವೆಯನ್ನು ಆಮೇಲೆ ತೆಗೆಯಲು ಡಾಕ್ಟರು ಮರೆತೇಬಿಡಬಹುದು. ಜ್ವರ ಬರಬಹುದು, ನಂಜೇರಬಹುದು. ತಪಾಸಣೆಯ ದಿನವೇ ಕೃಷ್ಣೆ ಏರಿ ಸೇತುವೆ ಮುಳುಗಬಹುದು. ಇನ್ಯಾರದೋ ಸ್ಕ್ಯಾನ್ ನೋಡಿ ನಮಗೆ ಔಷಧ ಬರೆಯಬಹುದು. ಹೆಂಡತಿಯ ಆಪರೇಷನ್ನಿಗೆ ಮುಂಚೆ ನಾನು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಸ್ಟ್ರೆಚರಿನ ಮೇಲೆ ಮಲಗಿದ್ದವಳೇ ನನಗೆ ಧೈರ್ಯ ಹೇಳಬೇಕಾಯಿತು: "ಹೊರಗ ಹೋಗಿ ಚಾ ಕುಡೀರಿ. ಇಲ್ಲಾಂದ್ರ ನಿಮ್ಮನ್ನೂ ಒಳಗ ಹಾಕ್ತಾರ."

ಯಾವುದೂ ಆಗಲಿಲ್ಲ. ಸ್ಟೆಂಟನ್ನೂ ಹೇಳಿದ ದಿನವೇ ತೆಗೆದರು. ಆದರೆ ಹರಳು ಬಹಳ ದಿನ ದಾರಿ ಕಟ್ಟಿ ಕೂತಿದ್ದರಿಂದ ಎಡ ಕಿಡ್ನಿ ಸೊರಗಿತ್ತು. "ಸ್ವಲ್ಪ ಚೇತರಿಸ್ಕೋಬಹುದು. ಹರಳು ಮತ್ತ ಆಗಬಾರದು, ನೀರು ಕುಡಿಯೂದು ಬಿಡಬ್ಯಾಡ್ರಿ. ಮೂರು ತಿಂಗಳಿಗೆ ಬರ್ರಿ," ಎಂದರು ಡಾಕ್ಟರು.

ಚಿಂತೆ ಮಾಡುವವನಿಗೆ ಒಂದು ಕೆಲಸ ಸಿಕ್ಕಿತು. ಅಥಣಿಯಿಂದ ಎರಡು ದೊಡ್ಡ ಬಾಟಲಿ ತಂದೆ. ದಿನಾ ಮುಂಜಾನೆ ತುಂಬಿ, ದ್ರಾಕ್ಷಿ ತೋಟಕ್ಕೆ ಹೊರಟವಳ ಬುಟ್ಟಿಯಲ್ಲಿಡುತ್ತಿದ್ದೆ. ಸಂಜೆ ಖಾಲಿ ಬಾಟಲಿ ಅಲ್ಲಾಡಿಸಿ ನೋಡಿ ಹಿಗ್ಗುತ್ತಿದ್ದೆ.

ಮೂರು ತಿಂಗಳ ಮೇಲಿನ ಸ್ಕ್ಯಾನಿನಲ್ಲಿ ಎಡ ಕಿಡ್ನಿ ಇನ್ನಷ್ಟು ಕುಗ್ಗಿತ್ತು. ಬಲಗಡೆ ಹೊಸದೊಂದು ಹರಳು.

"ನೀರ ಕುಡ್ಯಾಕತ್ತಾರೋ ಇಲ್ಲೋ?" ಡಾಕ್ಟರು ನನ್ನನ್ನೇ ಕೇಳಿದರು.

"ನಾನ ತುಂಬಿ ಕೊಡ್ತೀನ್ರಿ. ಖಾಲಿ ಆಗಿ ಬರ್ತಾವ," ಎಂದೆ, ಕೋರ್ಟಿನಲ್ಲಿ ಸಾಕ್ಷಿ ಹೇಳುವವನಂತೆ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು.

ಮರಳುವಾಗ ಬಸ್ಸಿನಲ್ಲಿ ಹೇಳಿದಳು. "ಬಳ್ಳಿ ಬುಡಕ್ಕ ಹಾಕ್ತಿದ್ದೆ."

"ಯಾಕ?"

"ಕುಡದ್ರ ಒಂದಕ್ಕ ಹೋಗಬೇಕಲ್ಲ. ಎಲ್ಲಿ ಹೋಗೂದು? ಔಷಧ ಹೊಡಿಯೋ ಗಂಡಾಳು ದಿನಾ ಇರ್ತಾರ. ಕಬ್ಬಿದ್ದಾಗ ಮರೆ ಆದ್ರೂ ಇತ್ತು."

ನಾನು ಕಬ್ಬು ಕಿತ್ತು ದ್ರಾಕ್ಷಿ ಹಚ್ಚಿ ಒಂಬತ್ತು ವರ್ಷ. ಚಪ್ಪರದ ಕೆಳಗೆ ಬಗ್ಗಿದರೆ ತೋಟದ ಈ ತುದಿಯಿಂದ ಆ ತುದಿಯವರೆಗೂ ಕಾಣುತ್ತದೆ. ಅಷ್ಟೂ ವರ್ಷ ಅವಳು ಮುಂಜಾನೆಯಿಂದ ಸಂಜೆತನಕ ಬಾಯಿ ಒಣಗಿಸಿಕೊಂಡೇ ದುಡಿದಿದ್ದಳು. ಒಣದ್ರಾಕ್ಷಿಗೆ ನಾನು ಶೆಡ್ ಕಟ್ಟಿಸಿದ್ದೆ. ಮೋಟರು ಮಳೆಗೆ ನೆನೆದೀತೆಂದು ಅದಕ್ಕೊಂದು ಖೋಲಿ. ಮಿಕ್ಕ ತಗಡುಗಳನ್ನು ಶೆಡ್ಡಿನ ಹಿಂದೆ ಪೇರಿಸಿ, ಗಾಳಿಗೆ ಹಾರಿ ಯಾರಿಗಾದರೂ ಬಡಿದಾವೆಂದು ಮೇಲೆ ಕಲ್ಲು ಹೇರಿದ್ದೆ.

ಅವುಗಳಲ್ಲಿ ನಾಲ್ಕನ್ನು ಅವಳಿಗೆ ಮರೆಯಾಗಿ ತೋಟದ ಮೂಲೆಯಲ್ಲಿ ನಿಲ್ಲಿಸಿರಲಿಲ್ಲ. ನನ್ನ ಚಿಂತೆಗೆ ತಪ್ಪಿದ್ದು ಅದೊಂದೇ.