ಹೂಂ ಅನ್ನುವವರು

ಅರಸೀಕೆರೆ ಬಸ್ ನಿಲ್ದಾಣದಲ್ಲಿ ಬೆಳಗಿನ ಮಂಜು. ಬಸ್ಸುಗಳು ದೀಪ ಹೊತ್ತಿಸಿಕೊಂಡು ನಿದ್ದೆಗಣ್ಣಲ್ಲಿ ನಡೆದಂತೆ ಬರುತ್ತಿವೆ. ಯಾರದೋ ಕೊಬ್ಬರಿ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರಂಗಮ್ಮನ ಪಕ್ಕ ಕೂತಿದ್ದೇನೆ. ಹಾರನಹಳ್ಳಿಯ ರಂಗಮ್ಮ ಕಾಫಿ ಹಣ್ಣು ಕೀಳಲು ಬೇಲೂರಿನ ಕಡೆಯ ತೋಟಕ್ಕೆ ಹೊರಟವಳು. ಹೀಗೆ ವಲಸೆ ಹೋಗುವ ಹೆಂಗಸರು ತಾವೇ ತೆಗೆದ ಫೋಟೊಗಳಿಗೆ ತಮ್ಮದೇ ದನಿ ಕೊಟ್ಟು ಕತೆ ಕಟ್ಟಬೇಕು, ಸಂಶೋಧಕಿ ನಡುವೆ ಬಾಯಿ ಹಾಕಬಾರದು ಎಂಬುದು ನಮ್ಮ ಅಧ್ಯಯನದ ನಿಯಮ.

ನಿನ್ನೆ ಅವಳ ಮನೆಯಲ್ಲಿ ಧ್ವನಿಮುದ್ರಣ ಮಾಡುವಾಗ ನಾನು ತುಟಿ ಬಿಗಿದು ಕೂತಿದ್ದೆ. ಎರಡು ಮಾತಾಡಿ ರಂಗಮ್ಮ ನಿಲ್ಲಿಸಿಬಿಟ್ಟಳು.

"ಹೂಂ ಅನ್ನಿ ಅಕ್ಕಾ. ಹೂಂ ಅನ್ನೋರೇ ಇಲ್ದಿದ್ರೆ ಕತೆ ಯಾರಿಗೇಳಾನ, ಗೋಡೆಗಾ?"

ಹೂಂ ಎಂದೆ. ನಿಯಮ ಮುರಿಯಿತು, ಕತೆ ನಡೆಯಿತು.

ಈಗ ಅವಳು ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಕೇಳುತ್ತಿದ್ದಾಳೆ. ಪರದೆಯಲ್ಲಿ ಕಟ್ಟಿದ ಗಂಟು, ಆರಿದ ಒಲೆ, ಬಾಗಿಲಲ್ಲಿ ನಿಂತ ಮಗಳು, ಹೀಗೆ ಫೋಟೊಗಳು ಒಂದೊಂದಾಗಿ ತೇಲಿ ಹೋಗುತ್ತವೆ. ಬೇರೆ ಯಾರೋ ಹೆಂಗಸಿನ ಕತೆಯೆಂಬಂತೆ ರಂಗಮ್ಮ ತನಗೆ ತಾನೇ "ಹೂಂ, ಹೂಂ" ಎನ್ನುತ್ತಿದ್ದಾಳೆ. ನಾಳೆ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೊರಡುವಾಗ ಅವಳು ಸೆರಗು ಹಿಡಿದುಕೊಂಡರೇನು ಮಾಡಲಿ ಎಂಬಲ್ಲಿಗೆ ಕತೆ ಮುಗಿಯುತ್ತದೆ.

"ಬೇಲೂರ್, ಬೇಲೂರ್" ಎಂದು ಕಂಡಕ್ಟರ್ ಕೂಗಿದ. ರಂಗಮ್ಮ ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟಳು.

"ನಿದ್ದೇಲೂ ಸೆರಗಿಡ್ಕಂಡಿದ್ಲು ಅಕ್ಕಾ. ಒಂದೊಂದೇ ಬೆರಳು ಬಿಡಿಸ್ಬಂದೆ."

ನನ್ನ ಬಾಯಿ ತೆರೆಯಿತು.

"ಇದಕ್ಕೆ ಹೂಂ ಅನ್ಬ್ಯಾಡಿ," ಎಂದಳು.